ಅಪ್‌ಡೇಟ್: ಸೋರುತ್ತಿದ್ದ ಕಿಟಕಿಗಳ ದುಡ್ಡು ವಾಪಸ್ ಬಂತು

ಮಳೆ ಬಂದಾಗಲೆಲ್ಲ ಹೊಸ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ) ಕಿಟಕಿಗಳಿಂದ ನೀರು ಒಳಗೆ ಬರುತ್ತಿದೆ, ಹಾಕಿದವರು ಸುಮ್ನೆ ಸಿಲಿಕೋನ್ ಬಳಿದು ಹೋಗುತ್ತಿದ್ದಾರೆ, ದುಡ್ಡು ವಾಪಸ್ ಸಿಗುತ್ತಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದಂತೆ ಇಂಥ ಕಿಟಕಿ ಮಾಡಿ ಕೂರಿಸುವ ಬೇರೆ ಫ್ಯಾಬ್ರಿಕೇಟರ್ ಒಬ್ಬರನ್ನು ಕರೆಸಿ ತೋರಿಸಿದೆ. ಕೆಳಗಿನ ಟ್ರ್ಯಾಕ್‌ನಲ್ಲಿ ನೀರು ಆಚೆ ಹೋಗಲು ಸಣ್ಣ ತೂತುಗಳಿರಬೇಕು ಅಲ್ವಾ, ನಮ್ಮಲ್ಲಿ ಅವೇ ಸಿಲಿಕೋನ್ ತುಂಬಿ ಮುಚ್ಚಿಹೋಗಿದ್ದವು! ಒಂದು ಲೋಟ ನೀರು ಸುರಿದರೆ ಟ್ರ್ಯಾಕ್‌ನಲ್ಲೇ ನಿಂತು, ನಿಧಾನಕ್ಕೆ ಒಳಗೋಡೆಗೆ ಇಳಿಯುತ್ತಿತ್ತು. ಅದನ್ನೇ ವಿಡಿಯೊ ಮಾಡಿಕೊಂಡೆ. ಆ ಫ್ಯಾಬ್ರಿಕೇಟರ್‌ರಿಂದ ಇದನ್ನೇ ಒಂದು ಚೀಟಿಯಲ್ಲಿ ಬರೆಸಿಕೊಂಡೆ.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು. ಅಂಗಡಿಯವರು ಅಲುಗಾಡಲಿಲ್ಲ. ಆಮೇಲೆ ವಕೀಲರಿಂದ ನೋಟಿಸ್. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೇಸ್ ಹಾಕಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನೋಟಿಸ್ ತಲುಪಿದ ಮೇಲೆ ಫೋನ್ ಬಂತು.

"ಅರ್ಧ ಕೊಡ್ತೀವಿ ಮೇಡಂ" ಅಂದರು. ಒಪ್ಪಲಿಲ್ಲ. ಪೂರ್ತಿ ಹಣ ವಾಪಸ್, ಬಿಚ್ಚುವ ಖರ್ಚೂ ಅವರದೇ ಅಂತ ಬರೆಸಿಕೊಂಡೆ. ದುಡ್ಡು ಖಾತೆಗೆ ಬಂದ ಮೇಲೇ ಕಿಟಕಿ ಮುಟ್ಟಲು ಬಿಟ್ಟೆ. ದಯವಿಟ್ಟು ನೀವೂ ಮೊದಲೇ ಮಾಲು ವಾಪಸ್ ಕೊಡಬೇಡಿ.

ಹಾಳಾದ ಗೋಡೆಯ ಪೇಂಟ್ ಖರ್ಚು ಮಾತ್ರ ಇನ್ನೂ ಬಾಕಿ. ಅದಕ್ಕೂ ಬೆನ್ನುಹತ್ತಿದ್ದೇನೆ.