ಫ್ಯಾಕ್ಟರಿ ಲೈನ್‌ನಲ್ಲಿರೋ ಹುಡುಗಿಯರು ನಿಜವಾಗಲೂ ಚೆನ್ನಾಗಿದ್ದಾರಾ ಅಂತ ಹೇಗೆ ತಿಳ್ಕೊಳ್ಳೋದು?

ಬಿ ಶಿಫ್ಟ್ ಅಕ್ಕ, ಕೋಲಾರ:

ನಾನು ನರಸಾಪುರ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ ಲೈನ್ ಲೀಡರ್. ನನ್ನ ಲೈನ್‌ನಲ್ಲಿ 28 ಹುಡುಗಿಯರಿದ್ದಾರೆ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯವರೇ ಜಾಸ್ತಿ. ದೂರದ ಜಿಲ್ಲೆಗಳಿಂದ ಬಂದು ಇಲ್ಲೇ ರೂಮ್ ಮಾಡಿಕೊಂಡವರೂ ಇದ್ದಾರೆ.

ಹೋದ ತಿಂಗಳು ಎಚ್‌ಆರ್‌ನವರು ವೆಲ್‌ಬೀಯಿಂಗ್ ಅಂತ ಒಂದು ಕಾರ್ಯಕ್ರಮ ಮಾಡಿದರು. ಅರ್ಧ ಗಂಟೆ ಯೋಗ, ಆಮೇಲೆ ಒಂದು ಫಾರಂ. ನಗುವ ಮುಖ, ಸಪ್ಪಗಿರುವ ಮುಖ, ಅಳುವ ಮುಖ. ಯಾವುದಾದರೂ ಒಂದಕ್ಕೆ ಟಿಕ್ ಹಾಕಬೇಕು. ಮೇಲೆ ಹೆಸರು, ಟೋಕನ್ ನಂಬರ್ ಬರೆಯೋಕೆ ಜಾಗ. ನನ್ನ ಲೈನ್‌ನಲ್ಲಿ ಎಲ್ಲರೂ ನಗುವ ಮುಖಕ್ಕೇ ಟಿಕ್ ಹಾಕಿದರು.

ಎಲ್ಲರೂ ನಗುತ್ತಿಲ್ಲ ಅಂತ ನನಗೆ ಗೊತ್ತು. ಒಬ್ಬಳಿದ್ದಾಳೆ. ಸೋಲ್ಡರಿಂಗ್‌ನಲ್ಲಿ ಅವಳ ಕೈ ನೋಡಬೇಕು, ಒಂದು ಚುಕ್ಕೆ ಆಚೆ ಈಚೆ ಹೋಗುತ್ತಿರಲಿಲ್ಲ. ಈಗ ಕೆಲವು ವಾರದಿಂದ ಅವಳ ಪೀಸ್‌ಗಳು ರೀವರ್ಕ್‌ಗೆ ವಾಪಸ್ ಬರ್ತಿವೆ. ಕ್ಯಾಂಟೀನ್‌ನಲ್ಲಿ ಮುದ್ದೆ ಹಾಕಿಸಿಕೊಳ್ಳುತ್ತಾಳೆ, ಅಂಚಿನಲ್ಲಿ ಒಂಚೂರು ಮುರಿದು ಹಾಗೇ ಕೂತಿರುತ್ತಾಳೆ. "ಏನಮ್ಮಾ?" ಅಂದರೆ "ಏನಿಲ್ಲ ಅಕ್ಕ" ಅನ್ನುತ್ತಾಳೆ.

ಸೂಪರ್‌ವೈಸರ್ ಅವಳನ್ನು ಪ್ಯಾಕಿಂಗ್‌ಗೆ ಹಾಕೋಣ ಅಂತಿದ್ದಾರೆ. ನನಗೆ ಇಷ್ಟವಿಲ್ಲ, ಅಲ್ಲಿಗೆ ಹೋದರೆ ಕೆಲಸ ಬಿಟ್ಟೇ ಬಿಡುತ್ತಾಳೆ. ಕೆಲಸದ ಜಾಗದಲ್ಲಿ ಒಬ್ಬರ ಮೈ, ಮನಸ್ಸು ನೆಟ್ಟಗಿದೆಯಾ ಅಂತ ಕೇಳೋದು ಹೇಗೆ? ಲೈನ್ ತುಂಬಾ ಸುದ್ದಿಯೂ ಆಗಬಾರದು. ಅನುಭವ ಇರೋರು ಹೇಳಿ.

ತುಮಕೂರು ವೆಲ್‌ಫೇರ್:

ಮೇಡಂ, ನಾನು ವಸಂತನರಸಾಪುರದಲ್ಲಿ ವೆಲ್‌ಫೇರ್ ಆಫೀಸರ್ ಕೆಲಸ ಮಾಡುತ್ತೇನೆ. ನನ್ನ ಮೊದಲ ಮಾತು, ಚೆನ್ನಾಗಿದ್ದೀಯಾ ಅಂತ ಕೇಳಬೇಡಿ. ಆ ಪ್ರಶ್ನೆಗೆ ನಮ್ಮ ಕಡೆ ಒಂದೇ ಉತ್ತರ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿದ್ದರೂ ಚೆನ್ನಾಗಿದ್ದೀನಿ ಸಾರ್ ಅಂತಾರೆ.

ದಿನದ ವಿಷಯ ಕೇಳಿ. ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ? ಮಧ್ಯೆ ಎಚ್ಚರ ಆಯ್ತಾ? ಬೆಳಿಗ್ಗೆ ಏನು ತಿಂದೆ? ಊರಿಗೆ ದುಡ್ಡು ಕಳಿಸಿದ ಮೇಲೆ ಕೈಯಲ್ಲಿ ಏನಾದರೂ ಉಳೀತಾ? ನಿದ್ದೆ ಬರ್ತಿಲ್ಲ ಅನ್ನೋಕೆ ಯಾರಿಗೂ ನಾಚಿಕೆಯಿಲ್ಲ. ಮನಸ್ಸು ಸರಿಯಿಲ್ಲ ಅನ್ನೋಕೆ ಬಾಯಿ ಬರಲ್ಲ. ನಿದ್ದೆಯ ಮಾತು ಶುರುವಾದರೆ ಉಳಿದದ್ದು ನಿಧಾನಕ್ಕೆ ಬರುತ್ತೆ.

ನಮ್ಮಲ್ಲಿ ಒಂದು ಬೇಸಿಗೆಯಲ್ಲಿ ಒಂದೇ ಲೈನ್‌ನ ಹೆಣ್ಣುಮಕ್ಕಳು ಉರಿಮೂತ್ರ ಅಂತ ಮೇಲಿಂದ ಮೇಲೆ ರಜೆ ಹಾಕುತ್ತಿದ್ದರು. ಎಲ್ಲರಿಗೂ ಕುಡಿಯೋ ನೀರಿನ ಮೇಲೆ ಅನುಮಾನ. ಪರೀಕ್ಷೆ ಮಾಡಿಸಿದೆವು, ನೀರು ಸರಿಯಾಗಿಯೇ ಇತ್ತು. ನಮ್ಮ ನರ್ಸ್ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸಿದಾಗ ಗೊತ್ತಾಯ್ತು, ಅವರು ನೀರೇ ಕುಡಿಯುತ್ತಿರಲಿಲ್ಲ. ಶೌಚಾಲಯಕ್ಕೆ ಹೋಗಬೇಕಾದರೆ ರಿಲೀವರ್ ಬಂದು ಕೂರಬೇಕು. ಮೂರು ಲೈನ್‌ಗೆ ರಿಲೀವರ್ ಒಬ್ಬಳೇ. ಗಂಡಸು ಸೂಪರ್‌ವೈಸರ್ ಹತ್ತಿರ ಪದೇ ಪದೇ ಕೇಳೋಕೆ ಸಂಕೋಚ. ಬೆಳಿಗ್ಗೆ ತುಂಬಿಸಿ ತಂದ ಬಾಟಲಿ ಸಂಜೆ ತುಂಬಿಕೊಂಡೇ ಬ್ಯಾಗಿಗೆ ಹೋಗುತ್ತಿತ್ತು. ಇನ್ನೊಬ್ಬ ರಿಲೀವರ್ ಹಾಕಿಸಿದೆವು, ಆ ರಜೆಗಳು ಕಡಿಮೆಯಾದವು.

ಯೋಗ ಬೇಡ ಅಂತಲ್ಲ. ಆದರೆ ಯಾವ ಯೋಗದಿಂದಲೂ ಇದು ಸರಿಹೋಗುತ್ತಿರಲಿಲ್ಲ. ಕುಡಿಯೋ ನೀರು, ಶೌಚಾಲಯ, ನಿಂತು ಕೆಲಸ ಮಾಡೋರಿಗೆ ಆಗಾಗ ಕೂರೋಕೆ ಅನುಕೂಲ, ಇವೆಲ್ಲ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದವು. ಯಾರೋ ದೊಡ್ಡ ಮನಸ್ಸು ಮಾಡಿ ಕೊಡೋದಲ್ಲ.

ನಿಮ್ಮ ಹುಡುಗಿಯ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ, ಅಂದರೆ ಕೆಲಸದ ಒತ್ತಡದಲ್ಲೇ ಬಸವಳಿದು ಹೋಗೋದಕ್ಕೆ, ಮೂರು ಗುರುತು ಹೇಳಿದೆ. ಮೈಯಲ್ಲಿ ಶಕ್ತಿಯೇ ಇಲ್ಲ ಅನ್ನಿಸೋದು, ಕೆಲಸದಿಂದ ಮನಸ್ಸು ದೂರವಾಗೋದು, ಮೊದಲಿನಷ್ಟು ಚೆನ್ನಾಗಿ ಕೆಲಸ ಆಗದೇ ಇರೋದು. ರೀವರ್ಕ್ ಆ ಮೂರನೆಯದು ಇರಬಹುದು. ಬರೀ ನಿದ್ದೆಗೇಡೂ ಇರಬಹುದು, ಮನೆ ಚಿಂತೆಯೂ ಇರಬಹುದು. ಅದನ್ನು ತೀರ್ಮಾನ ಮಾಡೋದು ನಿಮ್ಮ ಕೆಲಸ ಅಲ್ಲ, ಕೇಳಿಸಿಕೊಳ್ಳಿ ಸಾಕು. ಲೈನ್‌ನಲ್ಲಿ ಬೇಡ. ಶಿಫ್ಟ್ ಬಿಟ್ಟು ಬಸ್ಸಿಗೆ ನಡೆಯೋವಾಗ ಕೇಳಿ. ಪಕ್ಕಪಕ್ಕ ನಡೆಯುವಾಗ ಮುಖ ಕೊಟ್ಟು ಮಾತಾಡಬೇಕಿಲ್ಲ, ಹೇಳೋರಿಗೆ ಸಲೀಸು.

ಮಾಲೂರು ಹುಡುಗ:

ಅಕ್ಕ, ಅವಳ ರೂಮಿನಲ್ಲಿ ಯಾರ್ಯಾರಿದ್ದಾರೆ ಕೇಳಿ. ನಮ್ಮ ರೂಮಲ್ಲಿ ನಾಲ್ಕು ಜನ, ಮೂರು ಶಿಫ್ಟ್. ನಾನು ರಾತ್ರಿ ಡ್ಯೂಟಿ ಮುಗಿಸಿ ಬಂದು ಮಲಗೋ ಹೊತ್ತಿಗೆ ಇನ್ನೊಬ್ಬ ಎದ್ದು ಕುಕ್ಕರ್ ಇಡುತ್ತಿದ್ದ. ಮೇಲೆ ಶೀಟು. ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಗೆಲ್ಲ ರೊಟ್ಟಿ ಹೆಂಚಿನ ಥರ ಕಾಯುತ್ತೆ. ಒಂದೇ ಶಿಫ್ಟ್‌ನವರು ಒಟ್ಟಿಗೆ ಇರೋ ಹಾಗೆ ರೂಮ್ ಅದಲುಬದಲು ಮಾಡಿಕೊಂಡ ಮೇಲೆ ಸ್ವಲ್ಪ ನಿದ್ದೆ ಅಂತ ಆಯ್ತು.

ಶಿಫ್ಟ್ ತಿರುಗೋ ದಿಕ್ಕನ್ನೂ ನೋಡಿ. ಬೆಳಿಗ್ಗೆ, ಸಂಜೆ, ರಾತ್ರಿ ಅಂತ ಮುಂದಕ್ಕೆ ಹೋದರೆ ಮೈ ಒಗ್ಗುತ್ತೆ. ಬೇಗ ಮಲಗೋದಕ್ಕಿಂತ ತಡವಾಗಿ ಮಲಗೋದು ಸುಲಭ ಅಲ್ವಾ, ಅದಕ್ಕೆ. ರಾತ್ರಿಯಿಂದ ಸಂಜೆಗೆ, ಸಂಜೆಯಿಂದ ಬೆಳಿಗ್ಗೆಗೆ ಅಂತ ಹಿಂದಕ್ಕೆ ತಿರುಗಿಸಿದರೆ ಪ್ರತಿ ವಾರವೂ ತಲೆ ಭಾರ. ನಮ್ಮ ಕಡೆ ಇನ್ನೂ ಹಿಂದಕ್ಕೇ ತಿರುಗಿಸುತ್ತಿದ್ದಾರೆ.

ಇಎಸ್‌ಐ ಸಿಸ್ಟರ್:

ರಜೆ ಹಾಕಿದರೆ ಸಂಬಳ ಹೋಗುತ್ತೆ ಅಂತ ಜ್ವರದಲ್ಲೂ ಡ್ಯೂಟಿಗೆ ಬರೋರನ್ನು ದಿನಾ ನೋಡುತ್ತೇನೆ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದರೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಇರುತ್ತೆ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ, ಡಾಕ್ಟರ್ ಸರ್ಟಿಫಿಕೇಟ್ ಮೇಲೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತೆ. ಇದನ್ನು ನಿಮ್ಮ ಹುಡುಗಿಯರಿಗೆ ದಯವಿಟ್ಟು ಹೇಳಿ.

ಯಾರ ಹತ್ತಿರವೂ ಹೇಳೋಕೆ ಆಗಲ್ಲ ಅನ್ನೋರಿಗೆ ಟೆಲಿ ಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. 2022ರಿಂದ ನಡೀತಿದೆ. ದುಡ್ಡಿಲ್ಲ, ರಾತ್ರಿಯೂ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ನೋಟಿಸ್ ಬೋರ್ಡ್‌ನಲ್ಲಿ ಹಾಕಿದರೆ ನಾಲ್ಕು ಜನರ ಎದುರು ಯಾರೂ ಬರೆದುಕೊಳ್ಳಲ್ಲ. ಶೌಚಾಲಯದ ಬಾಗಿಲಿನ ಒಳಗಡೆ ಅಂಟಿಸಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸಾಯಬೇಕು ಅನ್ನಿಸುತ್ತೆ ಅಂತ ಯಾರಾದರೂ ಅಂದರೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಬೇಡಿ. ಅವರನ್ನು ಒಬ್ಬರೇ ಬಿಡಬೇಡಿ. ಮನೆಯವರಿಗೆ ತಿಳಿಸಿ, ಅವತ್ತೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬಿ ಶಿಫ್ಟ್ ಅಕ್ಕ, ಕೋಲಾರ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಬಸ್ಸಿಗೆ ನಡೆಯೋವಾಗ ನಿದ್ದೆಯ ಮಾತೇ ಎತ್ತಿದೆ. ಮಾಲೂರಿನ ತಮ್ಮ ಹೇಳಿದ್ದು ಅರ್ಧ ನಿಜ, ಅವಳ ರೂಮಲ್ಲೂ ಮೂರು ಶಿಫ್ಟ್‌ನವರಿದ್ದಾರೆ. ಇನ್ನರ್ಧ ಮನೆಯದ್ದು. ಅದನ್ನು ಇಲ್ಲಿ ಬರೆಯಲ್ಲ, ನನ್ನನ್ನು ನಂಬಿ ಹೇಳಿದ್ದಾಳೆ. ನಮ್ಮ ಶಿಫ್ಟ್‌ನವರೇ ಇಬ್ಬರಿರೋ ರೂಮಲ್ಲಿ ಒಂದು ಜಾಗ ಇದೆ, ಮಾತಾಡಿದ್ದೇನೆ. ಸಿಸ್ಟರ್ ಕೊಟ್ಟ ನಂಬರ್ ಫೋನಿಗೆ ಹಾಕಿಕೊಂಡಿದ್ದಾಳೆ, ಕರೆ ಮಾಡೋದು ಬಿಡೋದು ಅವಳಿಷ್ಟ. ಪ್ಯಾಕಿಂಗ್ ವಿಷಯ ಸದ್ಯಕ್ಕೆ ನಿಂತಿದೆ. ಇನ್ನೊಬ್ಬ ರಿಲೀವರ್ ಕೇಳಿದ್ದಕ್ಕೆ ಮಾತ್ರ ಜನ ಇಲ್ಲ ಅಂದುಬಿಟ್ಟರು. ಸಾರ್, ಅದನ್ನು ಹೇಗೆ ಕೇಳಬೇಕು?

ತುಮಕೂರು ವೆಲ್‌ಫೇರ್:

ಬಾಯಲ್ಲಿ ಬೇಡ ಮೇಡಂ, ಬರೆದು ಕೊಡಿ. ಒಂದು ಪ್ರತಿಗೆ ಸಹಿ, ಸೀಲು ಹಾಕಿಸಿಕೊಳ್ಳಿ. ಯಾವ ಹುಡುಗಿಯ ಹೆಸರೂ ಬೇಡ. ರಿಲೀವರ್‌ಗಾಗಿ ಎಷ್ಟು ಹೊತ್ತು ಕಾಯಬೇಕಾಯ್ತು ಅಂತ ಒಂದು ವಾರ ದಿನಾ ಬರೆದಿಟ್ಟು ಜೊತೆಗೆ ಇಡಿ. ಪಕ್ಕದಲ್ಲೇ ಆ ವಾರದ ರೀವರ್ಕ್ ಲೆಕ್ಕ ಹಾಕಿ, ಪ್ರೊಡಕ್ಷನ್‌ನವರು ಅದನ್ನು ಓದೇ ಓದುತ್ತಾರೆ. ಸೇಫ್ಟಿ ಕಮಿಟಿ ಇದ್ದರೆ ಮುಂದಿನ ಮೀಟಿಂಗ್‌ಗೆ ಈ ವಿಷಯ ಸೇರಿಸಿ ಅಂತಲೂ ಕೇಳಿ. ಅಲ್ಲಿ ಕೆಲಸಗಾರರ ಕಡೆಯವರೂ ಇರುತ್ತಾರೆ, ಮಾತಾಡಿದ್ದು ಬರಹದಲ್ಲಿ ಉಳಿಯುತ್ತೆ.