ಹಾಕಿ ಆಟಗಾರರ ಗಾಯಗಳು: ಕ್ರೀಡಾ ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಬ್ರಹ್ಮಾವರದ ಆಟಗಾರ: ನಮಸ್ತೆ ಮೇಡಂ. ನಿನ್ನೆ ಅಜ್ಜರಕಾಡು ಮೈದಾನದಲ್ಲಿ ಓಡುವಾಗ ಕಾಲು ಉಳುಕಿ ಗಂಟು ಊದಿದೆ. ಬಿಸಿನೀರಿನ ಶಾಖ ಕೊಡಬಹುದೇ?

ಫಿಸಿಯೋ: ಬೇಡ. ಮೊದಲ ಎರಡು ಮೂರು ದಿನ ಶಾಖವೂ ಬೇಡ, ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ. ಕ್ರೇಪ್ ಬ್ಯಾಂಡೇಜ್ ಸುತ್ತಿ ಕಾಲನ್ನು ದಿಂಬಿನ ಮೇಲೆ ಇರಿಸಿ. ನಾಲ್ಕು ಹೆಜ್ಜೆ ಊರಲು ಆಗದಿದ್ದರೆ ಎಕ್ಸ್‌ರೇ ಮಾಡಿಸಿ.

ಸುರತ್ಕಲ್‌ನ ತಾಯಿ: ಮಗಳಿಗೆ 16 ವರ್ಷ. ಆರು ವಾರದಿಂದ ಮೊಣಕಾಲಿನ ಕೆಳಗೆ ಮುಂದಿನ ಎಲುಬು ನೋಯುತ್ತಿದೆ. ಮೊದಲು ಓಡುವಾಗ ಮಾತ್ರ ಇತ್ತು, ಈಗ ಮಲಗಿದರೂ ಬಿಡುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ತೂಕ ಇಳಿದರೆ ವೇಗ ಬರುತ್ತದೆಂದು ರಾತ್ರಿ ಊಟ ಬಿಟ್ಟಿದ್ದಾಳೆ.

ಫಿಸಿಯೋ: ಬೆರಳಿನಿಂದ ಒತ್ತಿದರೆ ನೋವು ಒಂದೇ ಕಡೆ ಇದೆಯೇ? ಮುಟ್ಟು ಸರಿಯಾಗಿ ಆಗುತ್ತಿದೆಯೇ? ಇಲ್ಲಿ ಬರೆಯಲು ಸಂಕೋಚವಾದರೆ ನನಗೊಬ್ಬಳಿಗೇ ಕಳುಹಿಸಿ.

ಸುರತ್ಕಲ್‌ನ ತಾಯಿ: ಸಂಕೋಚವೇನಿಲ್ಲ. ನಾಣ್ಯದಷ್ಟು ಜಾಗದಲ್ಲಿ ನೋವು. ಮುಟ್ಟು ನಿಂತು ನಾಲ್ಕು ತಿಂಗಳಾಯಿತು. ಆಟದ ಆಯಾಸ ಎಂದುಕೊಂಡಿದ್ದೆವು.

ಕಾಪುವಿನ ಹಿರಿಯರು: ಸುಣ್ಣ, ಬೆಲ್ಲ ಕಲಸಿ ಪಟ್ಟಿ ಹಾಕಿರಮ್ಮ. ಮೂರೇ ದಿನದಲ್ಲಿ ಗುಣ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಇಲ್ಲಿ ಹಾಕುತ್ತೇನೆ.

ಫಿಸಿಯೋ: ಹಾಕಬೇಡಿ. ಸುಣ್ಣ ಚರ್ಮವನ್ನು ಸುಡುತ್ತದೆ, ಎಲುಬನ್ನು ಕೂಡಿಸುವುದಿಲ್ಲ.

ಅಮ್ಮ, ನೀವು ಹೇಳಿದ ಮೂರೂ ಒಂದೇ ಕಥೆ. ದಿನವೂ ಓಡುವ ಮಗುವಿಗೆ ಬೇಕಾದಷ್ಟು ಅನ್ನ ಸಿಗದಿದ್ದರೆ ದೇಹ ಮುಟ್ಟನ್ನು ನಿಲ್ಲಿಸುತ್ತದೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಕುಸಿಯುತ್ತದೆ, ಎಲುಬಿನ ಗಟ್ಟಿತನವೂ ಇಳಿಯುತ್ತದೆ. ಆ ಎಲುಬಿನ ಮೇಲೆ ಓಟದ ಪೆಟ್ಟು ಬಿದ್ದು ಬಿದ್ದು ಕೂದಲೆಳೆಯಂಥ ಬಿರುಕು ಬಿಟ್ಟಿರಬಹುದು. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಅದು ಎಷ್ಟೋ ಸಲ ಕಾಣುವುದಿಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ. ಇಂದಿನಿಂದಲೇ ಓಟ ನಿಲ್ಲಿಸಿ. ಮೂಳೆ ತಜ್ಞರನ್ನೂ ಸ್ತ್ರೀರೋಗ ತಜ್ಞರನ್ನೂ ನೋಡಿ. ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆ ಕೇಳಿ. ರಾತ್ರಿ ಊಟ ಮತ್ತೆ ಶುರುವಾಗಲಿ: ಅನ್ನ, ಬಂಗುಡೆ, ಮೊಟ್ಟೆ, ಏನು ಸೇರುತ್ತದೋ ಅದು. ಅವಳನ್ನು ಗದರಬೇಡಿ. ಊಟ ಬಿಟ್ಟ ಹುಡುಗರಿಗೂ ಹೀಗೆಯೇ ಆಗುತ್ತದೆ. ಅವರಲ್ಲಿ ಮುಟ್ಟಿನಂಥ ಸೂಚನೆ ಇಲ್ಲದ್ದರಿಂದ ತಿಳಿಯುವುದು ಇನ್ನೂ ತಡ.

ಮೂಡುಬಿದಿರೆಯ ಗೋಲ್‌ಕೀಪರ್: ಬೆರಳಿನ ತುದಿ ಬಾಗಿದೆ, ನೇರವಾಗುತ್ತಿಲ್ಲ. ಏನು ಮಾಡಲಿ?

ಉಳ್ಳಾಲದ ಯುವಕ: ಮೇಡಂ, ಕಾಲು ಉಳುಕಿದೆ. ಶಾಖ ಕೊಡಲೇ?

ಫಿಸಿಯೋ: ಮೇಲಿದೆ, ಓದಿ.

ಕಾಪುವಿನ ಹಿರಿಯರು: ಹುಡುಗಿಯರ ದೇಹಕ್ಕೆ ಈ ಆಟ ಒಗ್ಗುವುದಿಲ್ಲ. ಮೊಣಕಾಲಿನ ನರ ಹರಿಯುವುದೂ ಅವರಿಗೇ ಹೆಚ್ಚು.

ಮಣಿಪಾಲದ ಆಟಗಾರ್ತಿ: ಟೋಕಿಯೊ ಒಲಿಂಪಿಕ್ಸ್‌ನಲ್ಲಿ ರಾಣಿ ರಾಂಪಾಲ್ ನಾಯಕತ್ವದ ನಮ್ಮ ಮಹಿಳಾ ಹಾಕಿ ತಂಡ ನಾಲ್ಕನೆಯ ಸ್ಥಾನಕ್ಕೆ ಬಂದದ್ದು ಯಾರ ದೇಹದಿಂದ ಅಂಕಲ್?

ಕಾಪುವಿನ ಹಿರಿಯರು: ಹಿರಿಯರೊಡನೆ ಮಾತನಾಡುವ ರೀತಿಯೇ ಇದು? ನಾವು ಕೆಂಪು ಕಲ್ಲಿನ ನೆಲದಲ್ಲಿ ಬರಿಗಾಲಲ್ಲಿ ಆಡಿದವರು.

ಮಣಿಪಾಲದ ಆಟಗಾರ್ತಿ: ಅದಕ್ಕೇ ನಿಮ್ಮ ಮೊಣಕಾಲಿನ ಕಥೆ ಕಳೆದ ವಾರ ಇಲ್ಲಿಯೇ ಓದಿದೆವು.

ಬ್ರಹ್ಮಾವರದ ಆಟಗಾರ: ಇಬ್ಬರೂ ನಿಲ್ಲಿಸಿ. ಪ್ರಶ್ನೆಗಳು ಮೇಲೆ ಹೋಗಿಬಿಟ್ಟವು.

ಫಿಸಿಯೋ: ಅದು ನರವಲ್ಲ, ಎಲುಬುಗಳನ್ನು ಹಿಡಿದಿಡುವ ಅಸ್ಥಿರಜ್ಜು. ಮೊಣಕಾಲಿನಲ್ಲಿ ಅದು ಹರಿಯುವುದು ಹೆಣ್ಣುಮಕ್ಕಳಲ್ಲಿ ಹೆಚ್ಚು, ಅದು ನಿಜ. ಅದಕ್ಕೆ ಮದ್ದು ಮನೆಯಲ್ಲಿ ಕೂರಿಸುವುದಲ್ಲ. ತಿರುಗುವ, ಜಿಗಿದು ಇಳಿಯುವ ಕ್ರಮ ಕಲಿಸಿ ತೊಡೆಯ ಹಿಂಬದಿಯ ಸ್ನಾಯು ಬಲಪಡಿಸುವುದು. ಡ್ರ್ಯಾಗ್ ಫ್ಲಿಕ್ (ಬಾಗಿ ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿನತ್ತ ಚಿಮ್ಮಿಸುವ ಹೊಡೆತ) ಮಾಡಿ ಮಾಡಿ ಸೊಂಟ, ತೊಡೆಸಂದು ನೋಯಿಸಿಕೊಂಡು ಬರುವ ಹುಡುಗರಿಗೆ ಆಟ ಬಿಡಿ ಎಂದು ಯಾರೂ ಹೇಳುವುದಿಲ್ಲ.

ಉಳ್ಳಾಲದ ಯುವಕ: ಹಾಗಾದರೆ ಶಾಖ ಯಾವಾಗ?

ಸುರತ್ಕಲ್‌ನ ತಾಯಿ: ನಾಳೆ ಬೆಳಿಗ್ಗೆ ಕರೆದುಕೊಂಡು ಹೋಗುತ್ತೇನೆ ಅಕ್ಕ. ಶನಿವಾರ ಸೆಮಿಫೈನಲ್ ಇದೆ. ಪಟ್ಟಿ ಸುತ್ತಿ ಅರ್ಧ ಹೊತ್ತು ಆಡಬಹುದೇ ಎಂದು ಕೇಳುತ್ತಿದ್ದಾಳೆ.

ಫಿಸಿಯೋ: ಇಲ್ಲ. ಐದು ನಿಮಿಷವೂ ಇಲ್ಲ. ಅವಳಿಗೆ ಫೋನ್ ಕೊಡಿ, ನಾನೇ ಮಾತನಾಡುತ್ತೇನೆ.