ಕೈರಲ್ ಕಾರ್ಬನ್ ಇದ್ದರೂ ಪೋಲಾರಿಮೀಟರ್ ಸೊನ್ನೆ ತೋರಿಸುತ್ತಿದೆ, ಯಾರಾದರೂ ಸಹಾಯ ಮಾಡಿ

ಮಲ್ಲೇಶ್ವರಂ_ಮೋಲ್
ಫೈನಲ್ ಇಯರ್ ಬಿಎಸ್ಸಿ ಪ್ರಾಜೆಕ್ಟ್, ದ್ರಾವಣವು ಪೋಲರೈಸ್ಡ್ ಬೆಳಕನ್ನು ಎಷ್ಟು ತಿರುಗಿಸುತ್ತದೆ ಅಂತ ಪೋಲಾರಿಮೀಟರಿನಲ್ಲಿ ಅಳೆಯುವುದು. ತಲೆ ಕೆಟ್ಟುಹೋಗಿದೆ. ಸ್ಯಾಂಪಲ್ 1-ಫಿನೈಲ್ ಎಥನಾಲ್. ಒಂದು ಕೈರಲ್ ಕಾರ್ಬನ್ (ನಾಲ್ಕು ಬೇರೆ ಬೇರೆ ಗುಂಪು ಅಂಟಿರುವ ಕಾರ್ಬನ್) ಇದೆ, ಸ್ಪೆಸಿಫಿಕ್ ರೊಟೇಶನ್ (1 ಡೆಸಿಮೀಟರ್ ಟ್ಯೂಬಿನಲ್ಲಿ ಎಂಎಲ್‌ಗೆ 1 ಗ್ರಾಂ ಲೆಕ್ಕದಲ್ಲಿ ತಿರುಗುವ ಕೋನ) ಸುಮಾರು 45 ಡಿಗ್ರಿ. 5 ಗ್ರಾಂ ತೂಗಿ, ಮೆಥನಾಲ್‌ನಲ್ಲಿ 100 ಎಂಎಲ್ ಮಾಡಿ, 2 ಡೆಸಿಮೀಟರ್ ಟ್ಯೂಬಿಗೆ ತುಂಬಿದರೆ ನಾಲ್ಕೂವರೆ ಡಿಗ್ರಿ ಬರಬೇಕು ಅಲ್ವಾ? ಬರುತ್ತಿರುವುದು ಸೊನ್ನೆ. ಟ್ಯೂಬ್ ತೊಳೆದು ಒಣಗಿಸಿ ಮತ್ತೆ ಹಾಕಿದರೂ ಸೊನ್ನೆ. ಸೋಮವಾರ ವೈವಾ ಇದೆ. ಏನು ಮಾಡಲಿ?

ಹಳದಿ_ದೀಪ
ಸೋಡಿಯಂ ದೀಪ ಹಾಕಿದ ತಕ್ಷಣ ಓದಬೇಡಿ. ಮೊದಲು ಕೆಂಪಗಿರುತ್ತದೆ, ಪೂರ್ತಿ ಹಳದಿಯಾಗಲು ಸಮಯ ಬೇಕು. ಸಾಮಾನ್ಯವಾಗಿ ಸಮಸ್ಯೆ ಅಲ್ಲೇ ಇರುವುದು. ಟ್ಯೂಬಿನಲ್ಲಿ ಗಾಳಿಗುಳ್ಳೆ ಇದ್ದರೆ ಉಬ್ಬಿದ ಭಾಗಕ್ಕೆ ತಳ್ಳಿ. ಮುಚ್ಚಳ ಜಾಸ್ತಿ ಬಿಗಿ ಮಾಡಬೇಡಿ, ಗಾಜಿಗೆ ಒತ್ತಡ ಬಿದ್ದರೂ ರೀಡಿಂಗ್ ಕೆಡುತ್ತದೆ.

ಮಲ್ಲೇಶ್ವರಂ_ಮೋಲ್
ದೀಪ ಹಳದಿಯಾದ ಮೇಲೇ ಓದಿದ್ದು. ಗುಳ್ಳೆ ಇಲ್ಲ.

ಹಳದಿ_ದೀಪ
ಹಾಗಾದರೆ ಝೀರೋ ಎರರ್. ಬರೀ ಮೆಥನಾಲ್ ಹಾಕಿ ಓದಿ. ಆಮೇಲೆ ಮನೆಯ ಸಕ್ಕರೆ 10 ಗ್ರಾಂ ನೀರಿನಲ್ಲಿ 100 ಎಂಎಲ್ ಮಾಡಿ ಹಾಕಿ. ಸಕ್ಕರೆಯ ಸ್ಪೆಸಿಫಿಕ್ ರೊಟೇಶನ್ 66.5, ಅಂದರೆ ನಿಮ್ಮ ಟ್ಯೂಬಿನಲ್ಲಿ 13.3 ಬರಬೇಕು.

ಮಲ್ಲೇಶ್ವರಂ_ಮೋಲ್
ಮೆಥನಾಲ್ ಸೊನ್ನೆ. ಸಕ್ಕರೆ 13.2 ಬಂತು. ನನ್ನ ಸ್ಯಾಂಪಲ್ ಮತ್ತೆ ಸೊನ್ನೆ.

ಹಳದಿ_ದೀಪ
ಆದರೂ ಪ್ರಿಸಂ ಒಮ್ಮೆ ಒರೆಸಿ ನೋಡಿ. ಕಾಲೇಜು ಉಪಕರಣಗಳಲ್ಲಿ ನೋಟವನ್ನು ಎರಡು ಅರ್ಧ ಮಾಡುವ ಹಾಫ್ ಶೇಡ್ ಮಸುಕಾಗಿರುತ್ತದೆ, ಎರಡು ಅರ್ಧಗಳೂ ಒಂದೇ ಥರ ಕಾಣುತ್ತವೆ.

ಎಸ್‌ಪಿ_ರೋಡ್_ಸರ್ಕ್ಯೂಟ್
ಸಕ್ಕರೆ ಸರಿಯಾಗಿ ಓದಿದ ಮೇಲೆ ಪ್ರಿಸಂ ಯಾಕೆ ಒರೆಸಬೇಕು ಗುರು? ಅಂದ ಹಾಗೆ ಈಗ ಸೋಡಿಯಂ ದೀಪವೇ ಬೇಕಿಲ್ಲ. ಎಸ್‌ಪಿ ರೋಡಿನಲ್ಲಿ ಹಳದಿ ಎಲ್‌ಇಡಿ ತಂದು, ಕೆಟ್ಟ ಎಲ್‌ಸಿಡಿ ಮಾನಿಟರಿನಿಂದ ಪೋಲರೈಸರ್ ಹಾಳೆ ಕಿತ್ತು, ಪಿವಿಸಿ ಪೈಪಿನಲ್ಲಿ ನಾನೇ ಒಂದು ಪೋಲಾರಿಮೀಟರ್ ಮಾಡಿದ್ದೇನೆ. ಜೇನುತುಪ್ಪ, ಸಕ್ಕರೆ ಪಾಕ ಎಲ್ಲ ಓದುತ್ತದೆ, ಕೋನ ಅಳೆಯಲು ಸ್ಟೆಪ್ಪರ್ ಮೋಟರ್ ಕೂಡ ಹಾಕಿದ್ದೇನೆ. ಬೇಕಾದರೆ ಫೋಟೋ ಹಾಕುತ್ತೇನೆ.

ಹಳದಿ_ದೀಪ
ಎಲ್‌ಇಡಿ ಬೆಳಕು ಒಂದೇ ತರಂಗದ್ದಲ್ಲ, ಅಕ್ಕಪಕ್ಕದ್ದೂ ಸೇರಿರುತ್ತದೆ. ಪುಸ್ತಕದ ಅಂಕಿಗಳೆಲ್ಲ ಸೋಡಿಯಂ ಡಿ ಗೆರೆಯವು, 589 ನ್ಯಾನೋಮೀಟರ್. ತರಂಗ ಬದಲಾದರೆ ತಿರುಗುವ ಕೋನವೂ ಬದಲಾಗುತ್ತದೆ.

ಎಸ್‌ಪಿ_ರೋಡ್_ಸರ್ಕ್ಯೂಟ್
ಸಕ್ಕರೆಗೆ ಬರುವ ವ್ಯತ್ಯಾಸ ತೀರಾ ಕಡಿಮೆ. ನಾನು ಹೋಲಿಸಿ ನೋಡಿಯೇ ಹೇಳುತ್ತಿದ್ದೇನೆ.

ಬಸವನಗುಡಿ_ಬೆಂಜೀನ್
ಇಬ್ಬರೂ ಸ್ವಲ್ಪ ನಿಲ್ಲಿಸಿ. ಮೋಲ್, ಈ ಆಲ್ಕೊಹಾಲ್ ಎಲ್ಲಿಂದ ಬಂತು? ಬಾಟಲಿ ತಂದಿರಾ, ನೀವೇ ಮಾಡಿದಿರಾ? ಬಾಟಲಿಯಾದರೆ ಲೇಬಲ್ ಮೇಲೆ ಆರ್ ಅಂತಲೋ ಎಸ್ ಅಂತಲೋ ಇದೆಯಾ, ಅಂದರೆ ಕನ್ನಡಿಬಿಂಬದಂಥ ಎರಡು ರೂಪಗಳಲ್ಲಿ ಯಾವುದು ಅಂತ? ಅದನ್ನು ಹೇಳದೆ ಉಪಕರಣ ಬೈದರೆ ಉಪಯೋಗವಿಲ್ಲ.

ಮಲ್ಲೇಶ್ವರಂ_ಮೋಲ್
ನಾನೇ ಮಾಡಿದ್ದು ಮೇಡಂ. ಅಸಿಟೋಫಿನೋನ್‌ಗೆ ಸೋಡಿಯಂ ಬೋರೋಹೈಡ್ರೈಡ್ ಹಾಕಿ, ಮೆಥನಾಲ್‌ನಲ್ಲಿ. ಎಲ್ಲರೂ ಹಾಗೇ ಮಾಡುವುದಲ್ವಾ, ಅದಕ್ಕೇ ಬರೆಯಲಿಲ್ಲ.

ಬಸವನಗುಡಿ_ಬೆಂಜೀನ್
ಉತ್ತರ ಅಲ್ಲೇ ಇದೆ. ನಿಮ್ಮದು ರೆಸೆಮಿಕ್ ಮಿಶ್ರಣ.

ಕೀಟೋನಿನ ಕಾರ್ಬೊನೈಲ್ ಕಾರ್ಬನ್ ಚಪ್ಪಟೆ. ಅದರ ಮೂರು ಬಂಧಗಳೂ ಒಂದೇ ಸಮತಲದಲ್ಲಿವೆ. ಬೋರೋಹೈಡ್ರೈಡ್ ಕೊಡುವ ಹೈಡ್ರೈಡ್ ಮೇಲಿನಿಂದ ಬಂದು ಸೇರಿದರೆ ಒಂದು ಎನಾನ್ಶಿಯೋಮರ್ (ಕನ್ನಡಿಬಿಂಬ ರೂಪ), ಕೆಳಗಿನಿಂದ ಸೇರಿದರೆ ಇನ್ನೊಂದು. ನಿಮ್ಮ ಫ್ಲಾಸ್ಕಿನಲ್ಲಿ ಕೈರಲ್ ಆದದ್ದು ಏನೂ ಇರಲಿಲ್ಲ. ಕೀಟೋನ್ ಕೈರಲ್ ಅಲ್ಲ, ಬೋರೋಹೈಡ್ರೈಡ್ ಅಲ್ಲ, ಮೆಥನಾಲ್ ಅಲ್ಲ. ಹಾಗಿದ್ದಾಗ ಎರಡು ಕಡೆಗೂ ಒಂದೇ ಅವಕಾಶ, ಆದ್ದರಿಂದ ಆರ್ ಅರ್ಧ, ಎಸ್ ಅರ್ಧ. ಒಂದು ಬೆಳಕನ್ನು ಬಲಕ್ಕೆ ಎಷ್ಟು ತಿರುಗಿಸುತ್ತದೋ ಇನ್ನೊಂದು ಎಡಕ್ಕೆ ಅಷ್ಟೇ ತಿರುಗಿಸುತ್ತದೆ. ಪ್ರತಿ ಅಣುವೂ ಕೈರಲ್, ಆದರೆ ಒಟ್ಟು ದ್ರಾವಣದ ತಿರುಗುವಿಕೆ ಸೊನ್ನೆ. ನಿಮ್ಮ ರೀಡಿಂಗ್ ಸರಿಯಾಗಿಯೇ ಇದೆ.

ಕೋರಮಂಗಲ_ಕೀಟೋನ್
ನನಗೂ ಇದೇ ಆಗಿದೆ! ನಾನು ಬೆಂಜಾಲ್ಡಿಹೈಡ್‌ಗೆ ಬೋರೋಹೈಡ್ರೈಡ್ ಹಾಕಿದ್ದು, ಸೊನ್ನೆ. ನನ್ನದೂ ರೆಸೆಮಿಕ್ ಅಲ್ವಾ?

ಬಸವನಗುಡಿ_ಬೆಂಜೀನ್
ಅಲ್ಲ, ನಿಮ್ಮದು ಬೇರೆ ಕಥೆ. ಆಲ್ಡಿಹೈಡ್ ಕಾರ್ಬನ್ ಮೇಲೆ ಮೊದಲೇ ಒಂದು ಹೈಡ್ರೋಜನ್ ಇದೆ, ಇನ್ನೊಂದು ಸೇರಿದರೆ ಬೆಂಜೈಲ್ ಆಲ್ಕೊಹಾಲ್. ಒಂದೇ ಕಾರ್ಬನ್ ಮೇಲೆ ಎರಡು ಹೈಡ್ರೋಜನ್ ಇದ್ದರೆ ಅದು ಕೈರಲ್ ಆಗುವುದೇ ಇಲ್ಲ. ರೆಸೆಮಿಕ್ ಅನ್ನುವ ಮಾತೇ ಬರುವುದಿಲ್ಲ.

ಹಳದಿ_ದೀಪ
ಒಪ್ಪೋಣ. ಆದರೆ ಅಸಿಟೋಫಿನೋನ್ ಹಾಗೇ ಉಳಿದಿದ್ದರೂ ಸೊನ್ನೆಯೇ ಬರುತ್ತದಲ್ಲ? ರಿಯಾಕ್ಷನ್ ಆಗಿದೆ ಅಂತ ಮೊದಲು ತೋರಿಸಲಿ. ಐಯೊಡೋಫಾರ್ಮ್ ಟೆಸ್ಟ್ ಮಾಡಿ.

ಬಸವನಗುಡಿ_ಬೆಂಜೀನ್
ಪ್ರಶ್ನೆ ಒಳ್ಳೆಯದು, ಟೆಸ್ಟ್ ಬೇಡ. ಅಸಿಟೋಫಿನೋನ್‌ನಲ್ಲಿ ಕಾರ್ಬೊನೈಲ್ ಪಕ್ಕ ಮಿಥೈಲ್ ಇದೆ, ಐಯೊಡೋಫಾರ್ಮ್ ಕೊಡುತ್ತದೆ. ಈ ಆಲ್ಕೊಹಾಲನ್ನೂ ಐಯೊಡಿನ್ ಅದೇ ಕೀಟೋನ್ ಮಾಡಿ ಐಯೊಡೋಫಾರ್ಮ್ ಕೊಡಿಸುತ್ತದೆ. ಎರಡಕ್ಕೂ ಹಳದಿ, ಏನೂ ತಿಳಿಯುವುದಿಲ್ಲ.

ಎಸ್‌ಪಿ_ರೋಡ್_ಸರ್ಕ್ಯೂಟ್
ಟಾಲೆನ್ಸ್?

ಬಸವನಗುಡಿ_ಬೆಂಜೀನ್
ಅದು ಆಲ್ಡಿಹೈಡ್ ಹಿಡಿಯಲು. ಇಲ್ಲಿ ಎರಡಕ್ಕೂ ಬೆಳ್ಳಿ ಕನ್ನಡಿ ಬರುವುದಿಲ್ಲ. ಕುದಿಬಿಂದುವೂ ಕೈಕೊಡುತ್ತದೆ, ಕೀಟೋನ್ 202, ಆಲ್ಕೊಹಾಲ್ 204. ಕಾಲೇಜಿನ ಥರ್ಮಾಮೀಟರಿನಲ್ಲಿ ಅದನ್ನು ನಂಬಬೇಡಿ.
2,4-ಡಿಎನ್‌ಪಿ ಹಾಕಿ. ಕಿತ್ತಳೆ ಗಸಿ ಬಂದರೆ ಕೀಟೋನ್ ಉಳಿದಿದೆ. ಐಆರ್ (ಇನ್‌ಫ್ರಾರೆಡ್) ಗ್ರಾಫ್ ತೆಗೆಸಲು ಆದರೆ ಇನ್ನೂ ಒಳ್ಳೆಯದು. 1685ರ ಹತ್ತಿರದ ಕಾರ್ಬೊನೈಲ್ ಪಟ್ಟಿ ಹೋಗಿ 3300ರ ಆಸುಪಾಸಿನಲ್ಲಿ ಅಗಲವಾದ ಓಎಚ್ ಪಟ್ಟಿ ಬಂದಿರಬೇಕು. ಆ ಗ್ರಾಫನ್ನೂ ಸೊನ್ನೆ ರೀಡಿಂಗನ್ನೂ ಪಕ್ಕಪಕ್ಕ ಇಟ್ಟರೆ ವೈವಾದಲ್ಲಿ ಯಾರೂ ಅಲ್ಲಾಡಿಸುವುದಿಲ್ಲ.

ಮಲ್ಲೇಶ್ವರಂ_ಮೋಲ್
ಡಿಎನ್‌ಪಿ ಹಾಕಿದೆ ಮೇಡಂ, ಗಸಿ ಬರಲಿಲ್ಲ. ಆದರೆ ನನ್ನ ಪ್ರಾಜೆಕ್ಟ್ ಹೆಸರೇ ಆಪ್ಟಿಕಲ್ ಆಕ್ಟಿವಿಟಿ ಅಂತ. ಒಂದಾದರೂ ಸೊನ್ನೆಯಲ್ಲದ ರೀಡಿಂಗ್ ಬೇಕು.

ಗವಿಪುರ_ಗಂಧ
ಕರ್ಪೂರ ಹಾಕಿ ನೋಡಿ ಅನ್ನೋಣ ಅಂದುಕೊಂಡೆ. ಅದೂ ಕೀಟೋನೇ, ಕೈರಲ್ ಕೂಡ. ಆದರೆ ಪೂಜೆಗೆ ಸಿಗುವುದು ಬಹುಮಟ್ಟಿಗೆ ಟರ್ಪೆಂಟೈನಿನ ಪೈನೀನ್‌ನಿಂದ ಕಾರ್ಖಾನೆಯಲ್ಲಿ ಮಾಡಿದ್ದು, ರೆಸೆಮಿಕ್. ಕರ್ಪೂರದ ಮರದಿಂದ ಬಂದದ್ದಾದರೆ ಆಲ್ಕೊಹಾಲ್‌ನಲ್ಲಿ +44ರ ಹತ್ತಿರ ಬರುತ್ತದೆ. ಎರಡೂ ಸಿಕ್ಕಿದರೆ ಅಕ್ಕಪಕ್ಕ ಓದಿ ತೋರಿಸಿ, ನಿಮ್ಮ ಪ್ರಾಜೆಕ್ಟಿಗೆ ಅದಕ್ಕಿಂತ ಚೆನ್ನಾದ ಜೋಡಿ ಸಿಗುವುದಿಲ್ಲ.

ಬಸವನಗುಡಿ_ಬೆಂಜೀನ್
ನಾನಾದರೆ ಕ್ಯಾರೆಟ್ ಆರಿಸುತ್ತೇನೆ. ಹೈದರಾಬಾದಿನ ರಸಾಯನ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಐಐಸಿಟಿಯಲ್ಲಿ ಜೆ.ಎಸ್. ಯಾದವ್ ಅವರ ತಂಡ 2002ರಲ್ಲಿ ಪ್ರಕಟಿಸಿದ ಕೆಲಸ. ತಾಜಾ ಕ್ಯಾರೆಟ್ ಹೆಚ್ಚಿ ನೀರಿಗೆ ಹಾಕಿ, ಅಸಿಟೋಫಿನೋನ್ ಸೇರಿಸಿ, ರೂಮ್ ಟೆಂಪರೇಚರಿನಲ್ಲೇ ಕುಲುಕುತ್ತಾ ಬಿಡುವುದು. ಕ್ಯಾರೆಟ್ಟಿನ ಎನ್‌ಜೈಮ್ ಸ್ವತಃ ಕೈರಲ್, ಆದ್ದರಿಂದ ಹೈಡ್ರೈಡನ್ನು ಹೆಚ್ಚಾಗಿ ಒಂದೇ ಕಡೆಯಿಂದ ಕೊಡುತ್ತದೆ. ಬರುವುದು ಬಹುಪಾಲು ಎಸ್ ಆಲ್ಕೊಹಾಲ್, ರೀಡಿಂಗ್ ಮೈನಸ್ ಕಡೆ ಇರುತ್ತದೆ. ಅದೇ ಕೀಟೋನ್, ಅದೇ ಆಲ್ಕೊಹಾಲ್, ಬೋರೋಹೈಡ್ರೈಡ್‌ಗೆ ಸೊನ್ನೆ, ಕ್ಯಾರೆಟ್ಟಿಗೆ ಮೈನಸ್. ನನಗೆ ಇಡೀ ಸಿಲಬಸ್ಸಿನಲ್ಲಿ ಇದಕ್ಕಿಂತ ಇಷ್ಟವಾದ ಪ್ರಯೋಗ ಇಲ್ಲ.

ಮಲ್ಲೇಶ್ವರಂ_ಮೋಲ್
ಸೋಮವಾರದೊಳಗೆ ಆಗುತ್ತಾ?

ಬಸವನಗುಡಿ_ಬೆಂಜೀನ್
ಸುಮಾರು ಎರಡು ದಿನ ಬೇಕು. ಇವತ್ತೇ ಹಾಪ್‌ಕಾಮ್ಸ್‌ಗೆ ಹೋಗಿ. ಬೇಯಿಸಬೇಡಿ, ಎನ್‌ಜೈಮ್ ಸಾಯುತ್ತದೆ. ಕೀಟೋನ್ ಸ್ವಲ್ಪವೇ ಹಾಕಿ. ಸೋಸಿ, ಈಥೈಲ್ ಅಸಿಟೇಟ್‌ನಲ್ಲಿ ಎಳೆದು, ಸಿಲಿಕಾ ಕಾಲಮ್ಮಿನಲ್ಲಿ ಉಳಿದ ಕೀಟೋನ್ ಬೇರೆ ಮಾಡಿ. ಕ್ಯಾರೆಟ್ಟಿನ ಸಕ್ಕರೆ ಒಂದಿಷ್ಟೂ ಉಳಿಯಬಾರದು, ಅದೂ ಬೆಳಕು ತಿರುಗಿಸುತ್ತದೆ. ಆಲ್ಕೊಹಾಲ್ 5 ಗ್ರಾಂ ಸಿಗುವುದಿಲ್ಲ, ಚಿಕ್ಕ ಟ್ಯೂಬ್ ಕೇಳಿ ಇಟ್ಟುಕೊಳ್ಳಿ.

ಹಳದಿ_ದೀಪ
ಚಿಕ್ಕ ಟ್ಯೂಬ್ ಅಂದರೆ ಕೋನವೂ ಚಿಕ್ಕದು. ದೀಪ ಚೆನ್ನಾಗಿ ಕಾಯಲಿ, ಸೊನ್ನೆ ಮತ್ತೆ ನೋಡಿಕೊಳ್ಳಿ.

ಕೋರಮಂಗಲ_ಕೀಟೋನ್
ಕ್ಯಾರೆಟ್ ಬದಲು ಬೀಟ್‌ರೂಟ್ ಹಾಕಿದರೆ ನಡೆಯುತ್ತಾ? ಮನೆಯಲ್ಲಿ ಅದೇ ಇದೆ.